ಬಾಗಿಲಿಗೆ ಆರು ಬಂಡಿ ಸೌದೆ

ಏಪ್ರಿಲ್ 6

ಕೊನೆಗೂ ಸಿಕ್ಕಿತು. ನಮ್ಮ ಮೂಲಪುರುಷ ಜೋನಸ್ ಬ್ರಾಡ್ವೆಲ್‌ನ ಉಯಿಲಿನ ಪೂರ್ತಿ ಪ್ರತಿ ಇವತ್ತಿನ ಟಪಾಲಿನಲ್ಲಿ ಬಂತು. ಇಷ್ಟು ವರ್ಷ ಅದರ ನಾಲ್ಕು ಸಾಲಿನ ಸಾರಾಂಶ ಇಟ್ಟುಕೊಂಡೇ ಬ್ರಾಡ್ವೆಲ್ ವಂಶದ ಮೇಲೆ ಭಾಷಣ ಬಿಗಿಯುತ್ತಿದ್ದೆ. ಇಂಗ್ಲೆಂಡಿನಿಂದ ಹಡಗು ಹತ್ತಿ ಬಂದು ಈ ಕನೆಕ್ಟಿಕಟ್ ಗುಡ್ಡದ ಮೇಲೆ ಮೊದಲು ಮನೆ ಕಟ್ಟಿದವನು, 1713ರಲ್ಲಿ ತೀರಿಕೊಂಡವನು. ಸೆಪ್ಟೆಂಬರಿನ ಕುಟುಂಬ ಸಮ್ಮಿಲನದಲ್ಲಿ ಅವನ ಮತ್ತು ಅವನ ಹೆಂಡತಿಯ ಹೆಸರಿನ ಕಲ್ಲು ನಿಲ್ಲಿಸುತ್ತಿದ್ದೇವೆ. ಸರಿಯಾದ ಹೊತ್ತಿಗೆ ಕೈಗೆ ಬಂತು.

ಹೆಂಡತಿಯ ಭಾಗವನ್ನು ಮತ್ತೆ ಮತ್ತೆ ಓದಿದೆ. "ನನ್ನ ಪ್ರಿಯ ಪತ್ನಿ ಹೆಪ್ಸಿಬಾಳಿಗೆ ಮನೆಯ ದಕ್ಷಿಣದ ಕೋಣೆ, ಅಡುಗೆಮನೆಯ ಒಲೆಯಲ್ಲಿ ರೊಟ್ಟಿ ಸುಟ್ಟುಕೊಳ್ಳುವ ಹಕ್ಕು, ಬಾವಿಗೆ ಹೋಗಿಬರುವ ದಾರಿ, ಒಂದು ಹಸುವಿಗೆ ಮೇವು, ಭಾನುವಾರ ಚರ್ಚಿಗೆ ಹೋಗಲು ಕುದುರೆ, ಮತ್ತು ನಮ್ಮ ಮಗ ಎಲಿಯಾಜರನು ಪ್ರತಿ ಚಳಿಗಾಲಕ್ಕೆ ಆರು ಬಂಡಿ ಸೌದೆ ಕಡಿದು, ಸೀಳಿ, ಆಕೆಯ ಬಾಗಿಲಿಗೆ ತಂದು ಹಾಕತಕ್ಕದ್ದು."

ಎಂಥ ಕುಟುಂಬ ನಮ್ಮದು! ಒಂದು ಹಸುವಿನ ಮೇವನ್ನೂ ಮರೆತಿಲ್ಲ. ನಾನು ಬರೆಯುತ್ತಿರುವ ವಂಶದ ಪುಸ್ತಕದಲ್ಲಿ ಆಗಲೇ ಸೇರಿಸಿಬಿಟ್ಟೆ: "ಎಲಿಯಾಜರನು ತನ್ನ ತಾಯಿಯನ್ನು ಕೊನೆಯವರೆಗೂ ಬೆಚ್ಚಗೆ ನೋಡಿಕೊಂಡನು."

ಸಂಜೆ ತಂಗಿ ಬೆವ್ ಫೋನ್ ಮಾಡಿದಳು. "ವಾರೆನ್, ಆ ಬಾಡಿಗೆಗೆ ಕೊಡೋ ಮದುವೆ ಮನೆ ಮಾಡ್ತೀವಿ ಅಂತ ಅಪ್ಪನ ಕೊಟ್ಟಿಗೆ ನೋಡ್ಕೊಂಡು ಹೋದ್ರಲ್ಲ, ಅವ್ರು ಮತ್ತೆ ಫೋನ್ ಮಾಡಿದ್ರು ಕಣೋ. ಮನೆ, ಕೊಟ್ಟಿಗೆ ಎರಡೂ ತಗೋತಾರಂತೆ. ಡಾಟ್ ಸಹಿ ಒಂದು ಬೇಕು. ನೀನೇ ಹೋಗಿ ಮಾತಾಡು."

ಡಾಟ್ ಎಂದರೆ ಡೊರೊತಿ, ಅಪ್ಪನ ಎರಡನೆಯ ಹೆಂಡತಿ. ಅಮ್ಮ ಹೋದಮೇಲೆ ಕಟ್ಟಿಕೊಂಡದ್ದು. ಸ್ಕೂಲಿನ ಅಡುಗೆಮನೆಯಲ್ಲಿ ಮಕ್ಕಳಿಗೆ ಬಡಿಸುತ್ತಿದ್ದಳು. ಅಪ್ಪ ಸತ್ತು ಎರಡು ವರ್ಷವಾಯಿತು. ಮನೆಯನ್ನು ನಮ್ಮಿಬ್ಬರಿಗೆ ಬರೆದು, ಡಾಟ್ ಬದುಕಿರುವತನಕ ಅಲ್ಲಿ ಇರಬಹುದು ಅಂತ ಉಯಿಲು ಮಾಡಿಟ್ಟಿದ್ದಾನೆ. ಆಕೆ ಹಕ್ಕು ಬಿಟ್ಟುಕೊಡದೆ ಮಾರುವ ಹಾಗಿಲ್ಲ. ಎಂಬತ್ತು ದಾಟಿದ ಹೆಂಗಸಿಗೆ ಅಷ್ಟು ದೊಡ್ಡ ಮನೆ ಯಾಕೆ? ಹೆದ್ದಾರಿ ಪಕ್ಕದ ವೃದ್ಧಾಶ್ರಮದಲ್ಲಿ ಒಳ್ಳೆಯ ಕೋಣೆ ಖಾಲಿ ಇದೆ, ಊಟ ಕೂತಲ್ಲಿಗೇ ಬರುತ್ತದೆ. ಸಣ್ಣ ಕೆಲಸ. ಮುಗಿಸಿಬಿಟ್ಟರೆ ಪುಸ್ತಕದ ಕಡೆ ಗಮನ ಕೊಡಬಹುದು.

ಏಪ್ರಿಲ್ 19

ಡಾಟ್ ಮನೆಗೆ ಹೋಗಿದ್ದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಿದವನು ಅಂತ ನನ್ನನ್ನು ಮೇಷ್ಟ್ರೇ ಎಂದು ಕರೆಯುವುದು ಆಕೆಯ ಚಾಳಿ.

"ಬನ್ನಿ ಮೇಷ್ಟ್ರೇ, ಬನ್ನಿ. ಸತ್ತೋರೆಲ್ಲ ಕ್ಷೇಮವಾ?"

ನಗದೆ ಇರಲು ಆಗಲಿಲ್ಲ. ಒಳಗೆ ಹೋದರೆ ಅಡುಗೆಮನೆಯಲ್ಲಿ, ಒಲೆಯ ಪಕ್ಕದಲ್ಲೇ ಮಂಚ! ಮೇಲಿನ ಕೋಣೆಗಳಿಗೆಲ್ಲ ಬಾಗಿಲು ಹಾಕಿ, ಸಂದಿಗೆ ಹಳೆಯ ಟವೆಲ್ಲು ತುರುಕಿದ್ದಾಳೆ.

"ಮಂಚ ಯಾಕೆ ಇಲ್ಲಿ ಹಾಕ್ಕೊಂಡಿದೀರಿ?"

"ಹತ್ರ ಆಗತ್ತೆ."

"ಯಾವುದಕ್ಕೆ?"

"ಒಲೆಗೆ."

ವಯಸ್ಸಾದಮೇಲೆ ಹೀಗೆ ಏನೇನೋ ಹುಚ್ಚು ಹಿಡಿಯುತ್ತದೆ. ಬೆವ್‌ಗೆ ಹೇಳಬೇಕು, ಮನೆ ಆಕೆಯ ಕೈಮೀರಿದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಹುರುಳಿಕಾಯಿ ಸೂಪು, ಕಂದು ರೊಟ್ಟಿ ಕೊಟ್ಟಳು. ಕಲ್ಲಿನ ವಿಷಯ ಕೇಳಿದಳು. "ಊರಿಗೆ ಮೊದಲು ಬಂದೋನು ಅಂತ ಕೆತ್ತಿಸ್ತೀರಂತೆ. ಕಾಡಲ್ಲಿ ಆಗ್ಲೇ ಜನ ಇದ್ರಲ್ಲ ಮೇಷ್ಟ್ರೇ, ಅವ್ರು ಲೆಕ್ಕಕ್ಕಿಲ್ವಾ?"

"ಇಂಗ್ಲಿಷರಲ್ಲಿ ಮೊದಲು ಬಂದೋನು."

"ಹಂಗನ್ನಿ."

ವೃದ್ಧಾಶ್ರಮದ ಮಾತು ತೆಗೆದೆ. ಅಲ್ಲಿ ಇಸ್ಪೀಟು ಆಡುವವರು ಇದ್ದಾರಾ ಅಂತ ಕೇಳಿದಳು. ಇರಬಹುದು ಅಂದೆ. "ಒಳ್ಳೇದೇ ಆಯ್ತು. ಅರ್ಧ ಜನಕ್ಕೆ ಯಾವ ಎಲೆ ಬಿತ್ತು ಅಂತ ನೆನಪಿರಲ್ಲ, ದಿನಾ ನಾನೇ ಗೆಲ್ತೀನಿ" ಅಂದಳು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಹೊರಡುವಾಗ ಜಗುಲಿಯ ತನಕ ಬಂದು, "ನಿಮ್ಮಪ್ಪ ಈ ತಿಂಗಳಲ್ಲೇ ಸೌದೆಗೆ ಹೇಳಿಬಿಡ್ತಿದ್ರು. ಬೇಸಿಗೇಲಿ ಒಣಗಬೇಕಲ್ಲ" ಅಂದಳು.

"ಹೌದು, ಅಪ್ಪ ಎಲ್ಲದರಲ್ಲೂ ಮುಂಜಾಗ್ರತೆಯ ಮನುಷ್ಯ" ಅಂದು ಕಾರು ಹತ್ತಿದೆ.

ಮೇ 14

ಊರ ಕಚೇರಿಯ ದಸ್ತಾವೇಜು ಕೋಣೆಯಲ್ಲಿ ಇಡೀ ದಿನ. ಗುಮಾಸ್ತೆ ರೊಸಾನ್ ಎಂದಿನಂತೆ, ಹಳೆಯ ಪತ್ರಗಳಿಗೆ ಮಸಿ ತಾಗಬಾರದು ಅಂತ, ನನ್ನ ಪೆನ್ನು ಕಿತ್ತುಕೊಂಡು ಪೆನ್ಸಿಲ್ಲು ಕೊಟ್ಟಳು. ಹೆಪ್ಸಿಬಾ ಕೊನೆಯ ಸಲ ಕಾಣಿಸಿಕೊಳ್ಳುವ ಪತ್ರ ಸಿಕ್ಕಿತು. 1719ರಲ್ಲಿ ಆಕೆ ದಕ್ಷಿಣದ ಕೋಣೆ, ಒಲೆ, ಬಾವಿಯ ದಾರಿ, ಸೌದೆ, ಎಲ್ಲದರ ಹಕ್ಕನ್ನೂ "ತಾಯಿಯ ಪ್ರೀತಿಯಿಂದ" ಮಗ ಎಲಿಯಾಜರನಿಗೆ ಬಿಟ್ಟುಕೊಟ್ಟಿದ್ದಾಳೆ. ಕೆಳಗೆ ಸಹಿಯ ಜಾಗದಲ್ಲಿ ಒಂದು ವಕ್ರ ಗೀಟು. ಅಲ್ಲಿಂದ ಮುಂದೆ ಯಾವ ಭೂಮಿಯ ಪತ್ರದಲ್ಲೂ ಆಕೆಯ ಹೆಸರಿಲ್ಲ.

ನಮ್ಮ ಕಸುಬಿನಲ್ಲಿ ಇದಕ್ಕೊಂದು ಪದ್ಧತಿ ಇದೆ. ಹುಟ್ಟುಸಾವಿನ ದಾಖಲೆ ಇಲ್ಲದ ಕಾಲದಲ್ಲಿ, ಭೂಮಿಯ ಪತ್ರಗಳಲ್ಲಿ ಹೆಸರು ಕಾಣುವುದು ನಿಂತಿತೋ, ಆಸಾಮಿ ಸತ್ತ ಅಂತಲೇ ಲೆಕ್ಕ. ಕಲ್ಲು ಕೆತ್ತುವವನಿಗೆ ಬರೆದು ಕಳಿಸಿದೆ: ಹೆಪ್ಸಿಬಾ, ಮರಣ ಸುಮಾರು 1719. ಪಾಪ, ಕೊನೆಗಾಲ ಬಂತು ಅಂತ ಗೊತ್ತಾಗಿ ಎಲ್ಲವನ್ನೂ ಮಗನಿಗೆ ಒಪ್ಪಿಸಿ ಕಣ್ಣು ಮುಚ್ಚಿದಳು. ಪುಸ್ತಕದಲ್ಲಿ ಇದನ್ನು ಚೆನ್ನಾಗಿ ಬರೆಯಬಹುದು.

ಮೇ 31

ಬೆವ್ ಕೂಡ ಬಂದಿದ್ದಳು. ವಕೀಲರು ಮಾಡಿಕೊಟ್ಟ ಹಕ್ಕು ಬಿಡುಗಡೆ ಪತ್ರವನ್ನು ಡಾಟ್ ಮುಂದೆ ಇಟ್ಟೆವು. ಬೆವ್ ಬೆಣ್ಣೆಯಂಥ ಮಾತಾಡಿದಳು: "ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು ಡಾಟ್. ಬಿದ್ದುಗಿದ್ದರೆ ಯಾರು ನೋಡೋರು?"

"ಬಿದ್ದಾಗ ನೋಡೋಣ. ಇಟ್ಟು ಹೋಗಿ, ಓದ್ತೀನಿ."

ಮಾತು ಬದಲಿಸೋಣ ಅಂತ ನಾನು ಸಮ್ಮಿಲನಕ್ಕೆ ಮಾಡಿಸಿರುವ ವಂಶವೃಕ್ಷದ ದೊಡ್ಡ ಹಾಳೆ ಬಿಚ್ಚಿ ಮೇಜಿನ ಮೇಲೆ ಹರಡಿದೆ. ಡಾಟ್ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಜೋನಸ್‌ನಿಂದ ಇಳಿಯುತ್ತ ಅಪ್ಪನ ಹೆಸರಿಗೆ ಬಂದಳು. ಅಪ್ಪ, ಪಕ್ಕದಲ್ಲಿ ಅಮ್ಮ, ಕೆಳಗೆ ನಾನು, ಬೆವ್. ಬೆರಳು ಅಲ್ಲೇ ನಿಂತಿತು.

"ನಾನೆಲ್ಲಿದೀನಿ ಮೇಷ್ಟ್ರೇ?"

ಮಕ್ಕಳಿಲ್ಲದ ಮದುವೆಗಳನ್ನು ಹಾಳೆಯಲ್ಲಿ ತೋರಿಸುವ ರೂಢಿ ಇಲ್ಲ, ಜಾಗ ಸಾಲುವುದಿಲ್ಲ, ಅದು ವಂಶ ಬರೆಯುವವರ ಕ್ರಮ ಅಂತ ವಿವರಿಸಿದೆ. ವಿವರಿಸುತ್ತ ವಿವರಿಸುತ್ತ ನನ್ನ ದನಿ ನನಗೇ ಅಸಹ್ಯ ಅನ್ನಿಸಿತು. ಇಪ್ಪತ್ತಾರು ವರ್ಷ ಅಪ್ಪನ ಜೊತೆ ಸಂಸಾರ ಮಾಡಿದವಳು. ಕೊನೆಯ ಎರಡು ವರ್ಷ ಅಪ್ಪನಿಗೆ ತುತ್ತು ಬಾಯಿಗಿಟ್ಟವಳು.

"ಓಹೋ, ಹೆತ್ತಿದ್ರೆ ಜಾಗ ಇರ್ತಿತ್ತು" ಅಂದು ಕನ್ನಡಕ ತೆಗೆದು ಪೆಟ್ಟಿಗೆಯಲ್ಲಿಟ್ಟಳು. ಸಿಹಿಗೆ ರುಬಾರ್ಬ್ ದಂಟಿನ ಕಡುಬು ಮಾಡಿದ್ದಳು. ತಿಂದು, ಹಾಳೆಯನ್ನು ಮೇಜಿನ ಮೇಲೆ ಹಾಗೇ ಬಿಟ್ಟು ಎದ್ದೆ. ಕ್ರಮ ಕ್ರಮವೇ, ನಾನೇನು ಮಾಡಲಿ?

ಜೂನ್ 22

ಡಾಟ್ ತಾನಾಗಿ ಫೋನ್ ಮಾಡಿ ಕರೆಸಿದಳು. ಹೋದರೆ ಬಾಗಿಲಲ್ಲೇ ಲಕೋಟೆ ಕೈಗಿತ್ತಳು. "ಸಹಿ ಆಗಿದೆ. ಬ್ಯಾಂಕಿನ ಹುಡುಗೀರ ಕೈಲಿ ಸಾಕ್ಷಿ ಹಾಕಿಸಿದೀನಿ. ನಿಮ್ಮ ತಂಗಿಗೆ ಹೇಳಿ, ಹಬ್ಬ ಮಾಡ್ಕೊಳ್ಳಲಿ."

ಒಳಗೆ ಕರೆಯಲಿಲ್ಲ. ಇಷ್ಟು ಸಲೀಸಾಗಿ ಮುಗಿಯುತ್ತದೆ ಅಂದುಕೊಂಡಿರಲಿಲ್ಲ. ಖುಷಿಯಾಗಬೇಕಿತ್ತು. ಲಕೋಟೆ ಕಾರಿನ ಮುಂದಿನ ಸೀಟಿನೆದುರಿನ ಡಬ್ಬಿಯಲ್ಲಿ ಹಾಕಿದ್ದೇನೆ. ವಕೀಲರ ಕಚೇರಿ ದಾರಿಯಲ್ಲೇ ಇತ್ತು, ಆದರೆ ನಿಲ್ಲಿಸಲಿಲ್ಲ. ನಾಳೆ ಕೊಟ್ಟರಾಯಿತು.

ಜುಲೈ 8

ಕಲ್ಲು ಕೆತ್ತುವವನು ಫೋನ್ ಮಾಡಿ, "ಸುಮಾರು ಅಂತ ಕಲ್ಲಿನ ಮೇಲೆ ಹಾಕಿದ್ರೆ ಚೆನ್ನಾಗಿ ಕಾಣಲ್ಲ ಸಾರ್, ಒಂದು ವರ್ಷ ಗಟ್ಟಿ ಮಾಡಿ ಹೇಳಿ" ಅಂದಿದ್ದ. ಅದಕ್ಕಾಗಿ ಇವತ್ತು ಊರ ಸಭೆಯ ನಡಾವಳಿ ಪುಸ್ತಕ ತೆಗೆಸಿದೆ. ಇಷ್ಟು ವರ್ಷದಲ್ಲಿ ನಾನದನ್ನು ಮುಟ್ಟಿರಲಿಲ್ಲ. ಅದರಲ್ಲಿ ಹೆಚ್ಚಾಗಿ ಊರು ಸಾಕಿದ ದಿಕ್ಕಿಲ್ಲದವರ ಲೆಕ್ಕ, ಆಸ್ತಿವಂತರು ಸಿಗುವುದಿಲ್ಲ, ನಮ್ಮವರು ಆಸ್ತಿವಂತರು, ಅದು ನನ್ನ ತರ್ಕ.

1720ರ ನವೆಂಬರ್: "ಇಬ್ಬರು ಹೋಗಿ ಎಲಿಯಾಜರ್ ಬ್ರಾಡ್ವೆಲ್‌ನೊಡನೆ ಆತನ ತಾಯಿಯ ವಿಷಯ ಮಾತಾಡತಕ್ಕದ್ದು."

ಮುಂದಿನ ವರ್ಷವೂ ಅದೇ ಸಾಲು. ಅದರ ಮುಂದಿನ ವರ್ಷ, "ಮಾತಾಡಲಾಯಿತು, ಆತನು ಒಪ್ಪಲಿಲ್ಲ." ಆಮೇಲೆ ಪ್ರತಿ ಚಳಿಗಾಲ "ವಿಧವೆ ಬ್ರಾಡ್ವೆಲ್‌ಳನ್ನು ಇಟ್ಟುಕೊಂಡದ್ದಕ್ಕೆ" ಅಂತ ಊರಿನ ಖರ್ಚು. ಒಂದು ವರ್ಷ ಕಮ್ಮಾರನ ಮನೆ, ಒಂದು ವರ್ಷ ಗಿರಣಿಯವನ ಮನೆ. ಯಾರು ಕಡಿಮೆಗೆ ಒಪ್ಪುತ್ತಾರೋ ಅವರ ಮನೆಗೆ ಮುದುಕಿಯನ್ನು ದಾಟಿಸುತ್ತಿದ್ದರು. ಒಂದು ಕಡೆ "ವಿಧವೆಗೆ ಒಂದು ಕಂಬಳಿ." ಕೊನೆಗೆ 1730ರಲ್ಲಿ "ವಿಧವೆಯ ಶವಪೆಟ್ಟಿಗೆಗೆ ಹಲಗೆ."

ಹನ್ನೊಂದು ವರ್ಷ. ಕೋಣೆ ಬಿಟ್ಟುಕೊಟ್ಟಮೇಲೆ ಹನ್ನೊಂದು ವರ್ಷ ಆಕೆ ಬದುಕಿದ್ದಳು, ತನ್ನ ಮನೆಯ ಹೊಗೆ ಕಾಣುವಷ್ಟು ದೂರದಲ್ಲಿ. ಮಗ ಮನೆಯಿಂದ ಆಚೆ ಹಾಕಿದ, ನಾನು ಲೋಕದಿಂದಲೇ ಆಚೆ ಹಾಕಿದೆ. ಹೆಸರಿನಲ್ಲಿ ಭೂಮಿ ಇಲ್ಲ ಅನ್ನುವ ಒಂದೇ ಕಾರಣಕ್ಕೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ. ಗಂಡ ಆರು ಬಂಡಿ ಸೌದೆ ಬರೆದಿಟ್ಟ. ಬರೆದದ್ದೆಲ್ಲ ನಡೆಯಿತು ಅಂತ ನಾನು ಪುಸ್ತಕ ತುಂಬಿಸಿದೆ. ರೊಸಾನ್ ಬಾಗಿಲು ಹಾಕುವ ಹೊತ್ತಾಯಿತು ಅಂತ ಬಂದವಳು, "ಹುಷಾರಿದೀರಾ ಮಿಸ್ಟರ್ ಬ್ರಾಡ್ವೆಲ್?" ಅಂದಳು. ಮುಖ ಕೆಂಪಾಗಿತ್ತಂತೆ.

ಜುಲೈ 9

ಇವತ್ತು ಏನೂ ಮಾಡಲಿಲ್ಲ. ಕಾರು ಕೂಡ ತೆಗೆಯಲಿಲ್ಲ, ಅದರ ಡಬ್ಬಿಯಲ್ಲಿ ಲಕೋಟೆ ಇದೆ.

ಜುಲೈ 23

ಬೆವ್ ಫೋನ್. "ಪತ್ರ ವಕೀಲರಿಗೆ ಯಾವಾಗ ಕೊಟ್ಟೆ?"

"ಕೊಡ್ತೀನಿ. ಡಾಟ್ ಇನ್ನೂ ಓದ್ತಿದಾಳೆ." ಅರವತ್ತೇಳು ವರ್ಷದ ಮೇಷ್ಟ್ರು, ಹೋಮ್‌ವರ್ಕ್ ನಾಯಿ ತಿಂತು ಅನ್ನುವ ಹುಡುಗನ ಹಾಗೆ ಸುಳ್ಳು ಹೇಳಿದೆ. ಅದು ಸಾಲದೆಂಬಂತೆ ಹೆಪ್ಸಿಬಾಳ ಕತೆ ಶುರು ಮಾಡಿದೆ.

ಬೆವ್ ಪೂರ್ತಿ ಕೇಳಲಿಲ್ಲ. "ಮುನ್ನೂರು ವರ್ಷದ ಹಿಂದಿನ ಮುದುಕಿಗೆ ಈಗ ಅಳ್ತೀಯಲ್ಲೋ! ಅದಕ್ಕೂ ಇದಕ್ಕೂ ಏನು ಸಂಬಂಧ?"

"ಸಂಬಂಧ ಇದೆ ಅಂತ ನಾನೆಲ್ಲಿ ಅಂದೆ?"

"ಮತ್ಯಾಕೆ ಇದನ್ನ ನನಗೆ ಹೇಳ್ತಿದೀಯ? ಡಾಟ್ ಏನು ನಮ್ಮ ಹೆತ್ತಮ್ಮನಾ?"

ಎಲಿಯಾಜರನಿಗೆ ಆಕೆ ಹೆತ್ತಮ್ಮನೇ ಆಗಿದ್ದಳು ಅಂತ ಹೇಳೋಣ ಅಂದುಕೊಂಡೆ, ಹೇಳಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತಿತ್ತು. ಫೋನ್ ಇಟ್ಟಮೇಲೆ ನಾನು ಹೆಗಲು ಮುಟ್ಟಿಕೊಂಡು ಎಷ್ಟು ದಿನವಾಯಿತು ಅಂತ ಯೋಚಿಸಿದೆ.

ಅಪ್ಪನ ಉಯಿಲು ಹುಡುಕಿ ತೆಗೆದೆ. ಜೋನಸ್‌ನ ಉಯಿಲು ನನಗೆ ಬಾಯಿಪಾಠ. ಅಪ್ಪನದನ್ನು ಒಂದೇ ಸಲ ಓದಿದ್ದೆ, ಅದೂ ನನಗೇನು ಬಂತು ಅಂತ ನೋಡುವುದಕ್ಕೆ. ಎರಡನೆಯ ಪುಟದಲ್ಲಿದೆ: "ನನ್ನ ಹೆಂಡತಿ ಡೊರೊತಿ ಈ ಮನೆಯಲ್ಲಿ ಇರುವಷ್ಟು ಕಾಲ, ಮನೆ ದುರಸ್ತಿಯಲ್ಲೂ ಬೆಚ್ಚಗೂ ಇರುವಂತೆ ನನ್ನ ಮಕ್ಕಳು ನೋಡಿಕೊಳ್ಳತಕ್ಕದ್ದು."

ಕಳೆದ ಡಿಸೆಂಬರಿನಲ್ಲಿ ಮನೆ ಬಿಸಿ ಮಾಡುವ ಬಾಯ್ಲರ್ ಕೆಟ್ಟಿದೆ ಅಂತ ಡಾಟ್ ಹೇಳಿದ್ದಳು. ಒಲೆ ಇದೆಯಲ್ಲ, ವಸಂತಕ್ಕೆ ನೋಡೋಣ ಅಂದಿದ್ದೆ.

ಆಗಸ್ಟ್ 4

ಹೋದೆ. ಬಾಗಿಲು ತೆರೆದೇ ಇತ್ತು. ಡಾಟ್ ಅಡುಗೆಮನೆಯಲ್ಲಿ ಕೂತು ಕಪ್ಪುಗಳನ್ನು ಒಂದೊಂದೇ ಪತ್ರಿಕೆಯಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದರು. ಅಪ್ಪನ ದೊಡ್ಡ ಕಪ್ಪು ಮಾತ್ರ ಹೊರಗಿತ್ತು.

"ಅದು ನಿಮ್ಮ ಪಾಲಿನದು, ತಗೊಂಡು ಹೋಗಿ" ಅಂದರು.

ನಾನು ಮಂಚದ ಕಡೆ ನೋಡಿದೆ. "ಹೋದ ಚಳಿಗಾಲ ಸೌದೆ ಸಾಲಲಿಲ್ವಾ?"

"ಫೆಬ್ರವರಿ ತನಕ ಬಂತು. ಆಮೇಲೆ ಕೊಟ್ಟಿಗೆಯ ಹಳೇ ಹಲಗೆ ಸುಟ್ಟೆ. ಇದೊಂದೇ ಕೋಣೆ ಆದ್ರೆ ಸಾಕು ಅಂತ ಮಂಚ ಕೆಳಗೆ ಎಳ್ಕೊಂಡೆ."

"ಒಬ್ಬರೇನಾ?"

"ಇಲ್ಲ, ನಿಮ್ಮ ಜೋನಸ್ ಬಂದು ಒಂದು ಕಡೆ ಹಿಡ್ಕೊಂಡ."

ನಗಲಿಲ್ಲ ಯಾರೂ. ನಾನು ಏಪ್ರಿಲ್‌ನಲ್ಲಿ ಈ ಮಂಚ ನೋಡಿ ಏನು ಬರೆದುಕೊಂಡೆ ಅನ್ನುವುದು ಹಿಂದಿನ ಪುಟಗಳಲ್ಲಿದೆ. ಹರಿದು ಹಾಕಬೇಕು ಅನ್ನಿಸುತ್ತಿದೆ. ಹರಿಯುವುದಿಲ್ಲ. ನಾಚಿಕೆ ಅನ್ನುವ ಮಾತನ್ನು ಮಕ್ಕಳಿಗೆ ಸಾವಿರ ಸಲ ಅಂದಿದ್ದೇನೆ, ನನಗೆ ನಾನು ಒಂದು ಸಲವೂ ಅಂದುಕೊಂಡಿರಲಿಲ್ಲ.

"ಸೌದೆ ಇಲ್ಲ ಅಂತ ಒಂದು ಮಾತು ಹೇಳಬಾರದಿತ್ತಾ?"

ಡಾಟ್ ಕಪ್ಪು ಸುತ್ತುವುದು ನಿಲ್ಲಿಸಿದರು. ಮೊದಲ ಸಲ ನನ್ನನ್ನು ಹೆಸರು ಹಿಡಿದು ಕರೆದರು. "ನೋಡು ವಾರೆನ್, ಬಾಯ್ಲರ್ ವಿಷಯ ಹೇಳಿದೆ. ಸೌದೆಗೆ ಇದು ಹೊತ್ತು ಅಂತ ಜಗುಲೀಲಿ ನಿಂತು ಹೇಳಿದೆ. ಇನ್ನು ಹೆಂಗೆ ಹೇಳಬೇಕಿತ್ತು, ಕಾಲಿಗೆ ಬೀಳಬೇಕಿತ್ತಾ? ಆ ಜಾಗ ಚೆನ್ನಾಗಿದೆ, ಈ ಜಾಗ ಚೆನ್ನಾಗಿದೆ ಅಂತ ಹೇಳೋಕೆ ಎಲ್ರೂ ಬಂದ್ರಿ. ಇಲ್ಲೇ ಇರ್ತೀರಾ ಅಂತ ಒಂದು ದಿನ ಕೇಳಿದ್ರಾ? ಬೇಡದವಳಾಗಿ ಕೂತಿರೋದಕ್ಕಿಂತ ಸಹಿ ಹಾಕೋದೇ ಮರ್ಯಾದೆ ಅನ್ನಿಸ್ತು. ಹಾಕಿದೆ."

ಆಗಲಾದರೂ ಕೇಳಬೇಕಿತ್ತು. ಬೆವ್ ನೆನಪಾದಳು, ಮದುವೆ ಮನೆಯವರು ನೆನಪಾದರು. ಅಪ್ಪನ ಕಪ್ಪು ಹಿಡಿದುಕೊಂಡು ಹೇಡಿಯ ಹಾಗೆ ಕಾರಿಗೆ ಬಂದೆ. ಡಬ್ಬಿಯಲ್ಲಿ ಲಕೋಟೆ ಇನ್ನೂ ಇದೆ.

ಆಗಸ್ಟ್ 17

ಕಲ್ಲಿನವನಿಗೆ ಹೇಳಿದೆ, ಹೆಪ್ಸಿಬಾ 1730. ತಿಂಗಳಾದರೂ ನಾನು ತಿಳಿಸಲಿಲ್ಲ ಅಂತ ಅವನು ಆಗಲೇ 1719 ಕೆತ್ತಿಬಿಟ್ಟಿದ್ದಾನೆ, ಬೇರೆ ಕಲ್ಲು ತರಬೇಕು, ಸಮ್ಮಿಲನಕ್ಕೆ ಆಗುವುದಿಲ್ಲ. ಕಲ್ಲಿಲ್ಲದೆ ಏನು ಸಮ್ಮಿಲನ ಅಂತ ಎಲ್ಲರೂ ನನ್ನನ್ನು ಬೈಯುತ್ತಾರೆ. ಬೈಯಲಿ.

ಸೆಪ್ಟೆಂಬರ್ 6

ಚರ್ಚಿನ ಹುಲ್ಲುಹಾಸಿನ ಮೇಲೆ ಡೇರೆ ಹಾಕಿದ್ದೆವು. ಬೇಯಿಸಿದ ಬೀನ್ಸು, ಜೋಳ, ಸಾಸಿವೆ ಹಾಕಿ ಮಾಡಿದ ಮೊಟ್ಟೆ, ಬ್ಲೂಬೆರಿ ಕಡುಬು. ಡಾಟ್ ಬಂದಿದ್ದರು, ಕೊನೆಯ ಮೇಜಿನಲ್ಲಿ ಕೂತಿದ್ದರು. ಬೆವ್ ಅವರಿಗೆ ಎಲ್ಲರೆದುರು ಮುತ್ತಿಟ್ಟಳು.

ಊಟವಾದಮೇಲೆ ನನ್ನ ಭಾಷಣ. ಜೋನಸ್‌ನ ಉಯಿಲು ಓದಿದೆ. ಆರು ಬಂಡಿ ಸೌದೆ ಬಂದಾಗ ಎಲ್ಲರೂ ಮೆಚ್ಚಿ ತಲೆಯಾಡಿಸಿದರು, ಏಪ್ರಿಲ್‌ನಲ್ಲಿ ನಾನು ಆಡಿಸಿದ ಹಾಗೆಯೇ. ಆಮೇಲೆ ನಡಾವಳಿ ಓದಿದೆ. ಇಬ್ಬರು ಹೋಗಿ ಮಾತಾಡತಕ್ಕದ್ದು. ಮಾತಾಡಲಾಯಿತು, ಆತನು ಒಪ್ಪಲಿಲ್ಲ. ಕಮ್ಮಾರನ ಮನೆ, ಗಿರಣಿಯವನ ಮನೆ, ಕಂಬಳಿ, ಹಲಗೆ.

ದಾಯಾದಿ ಕ್ಲೈಡ್ ಎದ್ದು ನಿಂತು, "ಒಳ್ಳೇ ಊಟ ಮಾಡಿ ಕೂತಿದೀವಿ ವಾರೆನ್. ಇದೆಲ್ಲ ಈಗ ಬೇಕಿತ್ತಾ?" ಅಂದ.

"ಬೇಕಿತ್ತು. ಯಾಕಂದ್ರೆ ಹೋದ ಚಳಿಗಾಲದಲ್ಲಿ ನಮ್ಮಪ್ಪನ ಹೆಂಡತಿ, ಅಗೋ ಅಲ್ಲಿ ಕೂತಿದಾರಲ್ಲ ಡಾಟ್, ಸೌದೆ ಇಲ್ಲದೆ ಹಳೇ ಹಲಗೆ ಸುಟ್ಟುಕೊಂಡು ಒಂದು ಕೋಣೇಲಿ ಕಾಲ ಹಾಕಿದಾರೆ. ಮನೆ ಬೆಚ್ಚಗಿಡಿ ಅಂತ ಅಪ್ಪ ಬರೆದಿಟ್ಟಿದ್ದ. ನಾನು ಇಡಲಿಲ್ಲ. ಮೇಲಿಂದ ಅವರ ಹತ್ರ ಮನೆ ಬಿಡ್ತೀನಿ ಅಂತ ಸಹಿ ಹಾಕಿಸ್ಕೊಂಡೆ."

ಹೇಳಿಬಿಟ್ಟರೆ ಹಗುರಾಗುತ್ತದೆ ಅಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಎಲ್ಲರ ಕಣ್ಣೂ ಡಾಟ್ ಕಡೆ ತಿರುಗಿ, ಅವರು ತಟ್ಟೆ ನೋಡುತ್ತ ಕೂತದ್ದು ಕಂಡಾಗ, ಇವರ ಚಳಿಯನ್ನು ಕೂಡ ನನ್ನ ಭಾಷಣಕ್ಕೆ ಬಳಸಿಕೊಂಡೆನಲ್ಲ ಅಂತ ಇನ್ನಷ್ಟು ಕುಸಿದೆ. ಬೆವ್ ಕೈಚೀಲ ಎತ್ತಿಕೊಂಡು, "ನನ್ನ ಮಾನ ತೆಗೆಯೋಕೆ ಮೈಕ್ ಬೇಕಿತ್ತಾ ನಿನಗೆ?" ಅಂದು ಹೊರಟುಹೋದಳು.

ಕುರ್ಚಿ ಮಡಿಸುವ ಹೊತ್ತಿಗೆ ಡಾಟ್ ಹತ್ತಿರ ಹೋಗಿ ಲಕೋಟೆ ಕೈಗಿಟ್ಟೆ. "ಕೊಟ್ಟಿಲ್ಲ ಯಾರಿಗೂ. ನನಗೆ ತುಂಬ ನಾಚಿಕೆಯಾಗಿದೆ."

"ಆಗಬೇಕಾದ್ದೇ." ಲಕೋಟೆಯನ್ನು ಬ್ಯಾಗಿಗೆ ಹಾಕಿಕೊಂಡರು. "ಆದ್ರೆ ನಾಚಿಕೆ ಪಟ್ರೆ ಒಲೆ ಉರಿಯಲ್ಲ ಮೇಷ್ಟ್ರೇ."

ಆಗ ಕೇಳಿದೆ. "ಇಲ್ಲೇ ಇರ್ತೀರಾ?"

"ಯೋಚನೆ ಮಾಡ್ತೀನಿ" ಅಂದರು.

ಸೆಪ್ಟೆಂಬರ್ 20

ಬೆವ್ ಫೋನ್ ಎತ್ತುತ್ತಿಲ್ಲ. ಮದುವೆ ಮನೆಯವರು ಬೇರೆ ಕೊಟ್ಟಿಗೆ ನೋಡಿಕೊಂಡರಂತೆ. ಬಾಯ್ಲರಿನವನನ್ನು ಕರೆದುಕೊಂಡು ಹೋಗಿದ್ದೆ. ಬೇಕಾದ ಬಿಡಿಭಾಗ ಸಿಗುವುದಕ್ಕೆ ಜನವರಿ ಆಗುತ್ತದಂತೆ. ಡಾಟ್ ಅವನಿಗೆ ಕಾಫಿ ಕೊಟ್ಟರು, ನನಗೂ ಕೊಟ್ಟರು. ಪೆಟ್ಟಿಗೆಗಳು ಮೂಲೆಯಲ್ಲಿ ಹಾಗೇ ಇವೆ, ಕಪ್ಪುಗಳನ್ನು ಹೊರಗೆ ತೆಗೆದಿಲ್ಲ.

ಅಕ್ಟೋಬರ್ 11

ಡಾಟ್ ಬರಹೇಳಿದರು. ಮೇಜಿನ ಮೇಲೆ ಆ ಲಕೋಟೆ, ಪಕ್ಕದಲ್ಲಿ ಖಾಲಿ ಹಾಳೆ, ಪೆನ್ನು.

"ಇಲ್ಲೇ ಇರ್ತೀನಿ. ಕೂತ್ಕೊಂಡು ಬರಿ."

"ಏನು ಬರೀಲಿ?"

"ನಿನ್ನ ಜೋನಸ್ ಬರೆಸಿದ್ನಲ್ಲ, ಅದನ್ನೇ. ಪ್ರತಿ ಚಳಿಗಾಲಕ್ಕೂ ಮುಂಚೆ ಇಷ್ಟು ಸೌದೆ, ಒಣಗಿದ್ದು, ನನ್ನ ಒಲೆ ಅಳತೆಗೆ ಕಡಿದು, ಸೀಳಿ, ಬಾಗಿಲಿಗೆ ತಂದು ಒಟ್ಟಬೇಕು ಅಂತ. ರಸ್ತೇಲಿ ಸುರಿದು ಹೋಗೋದಲ್ಲ."

ಮುಖಕ್ಕೆ ಹೊಡೆದ ಹಾಗಾಯಿತು. "ನಾನು ಮಾಡ್ತೀನಿ ಅಂತ ಮಾತು ಕೊಡ್ತೀನಲ್ಲ ಡಾಟ್. ನಂಬಿಕೆ ಇಲ್ವಾ?"

"ಇಲ್ಲ" ಅಂದರು, ಸಿಟ್ಟೇನೂ ಇಲ್ಲದೆ. "ನಿಮ್ಮಪ್ಪನಿಗೂ ನೀನು ಹೀಗೇ ಮಾತು ಕೊಟ್ಟಿದ್ದೆ, ಆಸ್ಪತ್ರೇಲಿ. ನಾನೂ ಅಲ್ಲೇ ನಿಂತಿದ್ದೆ."

ಹೌದು. ಕೊಟ್ಟಿದ್ದೆ. ನನಗೆ ಮರೆತೇಹೋಗಿತ್ತು. ಅಪ್ಪ ಬೆರಳು ಹಿಡಿದುಕೊಂಡು, ಡಾಟ್‌ನ ನೋಡ್ಕೋ ಅಂದ, ನಾನು ಹೂಂ ಅಂದೆ, ಹೊರಗೆ ಬಂದು ಪಾರ್ಕಿಂಗ್ ಚೀಟಿ ಹುಡುಕಿದೆ.

ಬರೆದೆ. ಕೆಳಗೆ ಸಹಿ ಹಾಕಿದೆ. ಡಾಟ್ ಓದಿ, "ಅಕ್ಷರ ಚೆನ್ನಾಗಿದೆ" ಅಂದರು. "ಊರ ಕಚೇರೀಲಿ ನೋಂದಣಿ ಮಾಡಿಸ್ಕೊಂಡು ಬಾ. ಬಂದ ದಿನ ಇದನ್ನ ಹರೀತೀನಿ." ಲಕೋಟೆಯ ಮೇಲೆ ಕೈಯಿಟ್ಟುಕೊಂಡಿದ್ದರು.

ಅಕ್ಟೋಬರ್ 14

ನೋಂದಣಿಯಾಯಿತು. ರೊಸಾನ್ ಓದಿ ನನ್ನನ್ನೇ ನೋಡಿದಳು. "ಸೌದೆಗೆಲ್ಲ ಯಾರೂ ನೋಂದಣಿ ಮಾಡಿಸಲ್ಲ ಮಿಸ್ಟರ್ ಬ್ರಾಡ್ವೆಲ್. ನನ್ನ ಸರ್ವೀಸಲ್ಲೇ ನೋಡಿಲ್ಲ."

"ಹಿಂದೆ ಮಾಡಿಸ್ತಿದ್ರು" ಅಂದೆ.

ಹೆಪ್ಸಿಬಾಳ ವಕ್ರ ಗೀಟು ಇರುವ ಕೋಣೆಯಲ್ಲೇ ಈಗ ನನ್ನ ಸಹಿಯೂ ಇದೆ. ಪತ್ರ ತೋರಿಸಿದೆ. ಡಾಟ್ ಲಕೋಟೆಯನ್ನು ನಾಲ್ಕು ತುಂಡು ಮಾಡಿ ಒಲೆಗೆ ಹಾಕಿದರು. ಗೋಡೆಗೆ ವಂಶವೃಕ್ಷದ ಹಾಳೆ ಅಂಟಿಸಿಕೊಂಡಿದ್ದಾರೆ, ನಾನು ಅವತ್ತು ಬಿಟ್ಟುಬಂದ ಹಳೆಯದನ್ನೇ. ಅಪ್ಪನ ಹೆಸರಿನ ಪಕ್ಕ, ಜಾಗವಿಲ್ಲ ಅಂದಿದ್ದೆನಲ್ಲ, ಅಲ್ಲಿ ತಮ್ಮ ಕೈಯಾರೆ ದಪ್ಪ ಅಕ್ಷರದಲ್ಲಿ ಡೊರೊತಿ ಅಂತ ಬರೆದುಕೊಂಡಿದ್ದಾರೆ. ಜಾಗ ಬೇಕಾದಷ್ಟಿತ್ತು.

ದಾರಿಯುದ್ದಕ್ಕೂ ಒಂದೇ ಯೋಚನೆ. ಮುಂದೆ ಯಾವನೋ ನನ್ನಂಥವನು ಪೆನ್ಸಿಲ್ಲು ಹಿಡಿದು ಆ ಕೋಣೆಗೆ ಬಂದು, ಈ ಪತ್ರ ಓದಿ, "ವಾರೆನ್ ಬ್ರಾಡ್ವೆಲ್ ತನ್ನ ಮಲತಾಯಿಯನ್ನು ಕೊನೆಯವರೆಗೂ ಬೆಚ್ಚಗೆ ನೋಡಿಕೊಂಡನು" ಅಂತ ಬರೆದುಕೊಳ್ಳುತ್ತಾನೆ. ಆ ಪತ್ರದಿಂದ ಅವನಿಗೆ ಅಷ್ಟೇ ಗೊತ್ತಾಗುವುದು.

ಟ್ರಕ್ಕಿನವನು ಮಧ್ಯಾಹ್ನ ನಾನು ಹೇಳಿದ್ದ ಸೌದೆ ತಂದು ರಸ್ತೆಯ ಬದಿಯಲ್ಲೇ ಸುರಿದು ಹೋಗಿದ್ದಾನೆ ಅಂತ ಡಾಟ್ ಈಗ ಫೋನ್ ಮಾಡಿದ್ದರು. ಸಂಜೆಗೆ ಮಳೆಯಂತೆ. ಕೈಗವಸು ಹುಡುಕಿದೆ, ಸಿಕ್ಕಿತು. ಬರೆದದ್ದು ಸಾಕು, ಹೋಗಿ ಒಟ್ಟಬೇಕು.